ನಿನ್ನ ಮೊಳೆಯ ಮೇಲಿನ ಬಿಲ್ಲೆ

ಬಾಯ್ಲರ್ ಮನೆ,
ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನದ ಬಿಡುವು

ಪ್ರೀತಿಯ ಮಗಳು ಚೂಟಿಗೆ,

ಹೇಗಿದ್ದೀಯಮ್ಮಾ? ಕೈಮೇಲಿನ ಸುಟ್ಟ ಗಾಯ ಪೂರ್ತಿ ಮಾಗಿತೇ? ನಿನ್ನ ಸೋದರತ್ತೆಯ ಮನೆಯ ಮೆಟ್ಟಿಲು ಬಹಳ ಕಡಿದು, ನೋಡಿಕೊಂಡು ಇಳಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂದು ಕೇಳಲು ನಿನ್ನಮ್ಮ ಹೇಳಿದ್ದಾಳೆ, ಕೇಳಿದ್ದೇನೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ನೀನು ಹೋಗಿ ಐದು ತಿಂಗಳಾಯಿತು, ಒಂದು ಸಾಲೂ ಬರೆದಿಲ್ಲ. ಅದಕ್ಕಾಗಿ ಬೈಯುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಇಂಥ ಅಪ್ಪನಿಗೆ ಬರೆಯುತ್ತಿರಲಿಲ್ಲ.

ಇಲ್ಲಿ ಲಾಂಡ್ರಿಯಲ್ಲಿ ಎಲ್ಲ ಎಂದಿನಂತೆ ನಡೆದಿದೆ. ಆಸ್ಪತ್ರೆಗಳ ಹಾಸು, ಹೊದಿಕೆ, ದಿಂಬಿನ ಚೀಲಗಳು ಮೂಟೆ ಮೂಟೆಯಾಗಿ ಬರುತ್ತವೆ, ಬೆಳ್ಳಗಾಗಿ ಹೋಗುತ್ತವೆ. ನಿನ್ನ ಮೂರನೇ ಯಂತ್ರಕ್ಕೆ ಇನ್ನೂ ಖಾಯಂ ಆಳು ಸಿಕ್ಕಿಲ್ಲ. ಬೆಳಿಗ್ಗೆ ನಾನು ಹಬೆ ಬಿಟ್ಟಾಗ ಆ ಕಡೆ ಒಂದು ಕ್ಷಣ ಏನೂ ಕಾಣಿಸುವುದಿಲ್ಲ, ನಿನಗೇ ಗೊತ್ತಲ್ಲ. ಹಬೆ ತೆಳುವಾಗುತ್ತಿದ್ದಂತೆ ಅಲ್ಲಿ ನೀನು ನಿಂತಿರುತ್ತೀಯ ಚೂಟಿ. ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡು, ಹಾಸಿನ ಎರಡು ತುದಿ ಹಿಡಿದು, ಇನ್ನೆರಡು ತುದಿ ಹಿಡಿಯುವವರಿಗಾಗಿ ಕಾಯುತ್ತಾ. ನಾನು ಎರಡು ಹೆಜ್ಜೆ ಮುಂದೆ ಹೋಗುತ್ತೇನೆ. ಯಂತ್ರ ಮಾತ್ರ ಇರುತ್ತದೆ. ಇನ್ನೊಂದು ವಿಷಯ ನಿನ್ನಮ್ಮನಿಗೂ ಹೇಳಿಲ್ಲ. ಹಾಜರಿ ಹಲಗೆಯ ಮೇಲಿನ ನಿನ್ನ ಹದಿನೇಳನೇ ಮೊಳೆ ಖಾಲಿ ಇದ್ದರೂ ಅದರ ಮೇಲೆ ಹಿತ್ತಾಳೆ ಬಿಲ್ಲೆ ಅಲುಗಾಡಿದ ಸದ್ದು ಕೇಳುತ್ತದೆ. ಟಿಣ್ ಎಂದು ಒಂದೇ ಸಲ. ಮೊದಮೊದಲು ಕಿವಿಯ ದೋಷ ಎಂದುಕೊಂಡು ಡಾಕ್ಟರಿಗೂ ತೋರಿಸಿದೆ. ಆತ ಕಿವಿಯೊಳಗೆ ದೀಪ ಹಾಕಿ ನೋಡಿ, "ವಯಸ್ಸಾಯ್ತಲ್ಲ ಯಜಮಾನ್ರೇ" ಎಂದು ನಕ್ಕ. ಒಗೆಯುವ ಹೆಂಗಸರೂ ಆಡಿಕೊಂಡು ನಗುತ್ತಾರೆ, "ತಾತ ಮೊಳೆ ಎಣಿಸ್ತಾ ಕೂತಿರ್ತಾನೆ ನೋಡ್ರೇ" ಎಂದು. ನಗಲಿ ಬಿಡು.

ಈಗ ಸುದ್ದಿಗೆ ಬರುತ್ತೇನೆ. ಹೋದ ವಾರ ಅರ್ಧ ದಿನ ರಜೆ ಹಾಕಿ ಕಾನೂನು ನೆರವಿನ ಕಚೇರಿಗೆ ಹೋಗಿದ್ದೆ. ಅಲ್ಲಿ ಒಬ್ಬ ವಕೀಲೆ ಇದ್ದಾಳೆ, ನಿನ್ನದೇ ವಯಸ್ಸು, ನಿನ್ನ ಹಾಗೆಯೇ ಮೂಗಿನ ತುದಿಯಲ್ಲಿ ಕೋಪ. ಅವಳಿಗೆ ನಮ್ಮ ಬಿಲ್ಲೆ ಪದ್ಧತಿ ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಪ್ರತಿಯೊಬ್ಬರಿಗೂ ಹಲಗೆಯ ಮೇಲೆ ಒಂದು ಮೊಳೆ, ಆ ಮೊಳೆಗೆ ಅವರ ಹಿತ್ತಾಳೆ ಬಿಲ್ಲೆ. ಯಾರಿಗಾದರೂ ಒಂದು ದಿನ ಬಿಡುವು ಬೇಕಿದ್ದರೆ, ಅವರ ಬದಲು ನಿಲ್ಲಲು ಒಪ್ಪಿದವರು ತಮ್ಮ ಬಿಲ್ಲೆಯನ್ನು ಅವರ ಮೊಳೆಗೆ ಹಾಕುತ್ತಾರೆ. ಚೀಟಿಯಿಲ್ಲ, ಸಹಿಯಿಲ್ಲ. ನಾನು ಕೆಲಸಕ್ಕೆ ಸೇರಿದಾಗಿನಿಂದಲೂ ಹೀಗೇ. ನಿನ್ನ ಪ್ರಾರ್ಥನೆಯ ದಿನಕ್ಕೆ ಇಸ್ತ್ರಿ ಅಕ್ಕ ತನ್ನ ಬಿಲ್ಲೆಯನ್ನು ನಿನ್ನ ಮೊಳೆಗೆ ಹಾಕಿ ಹೋದದ್ದು, ಬೆಳಗಾಗುವಷ್ಟರಲ್ಲಿ ಅದು ಮತ್ತೆ ಅವಳ ಮೊಳೆಯಲ್ಲೇ ಇದ್ದದ್ದು, ನೀನೇ ಮನಸ್ಸು ಬದಲಿಸಿದೆ ಎಂದು ತಿಳಿದು ಅವಳು ತನ್ನ ಕೆಲಸಕ್ಕೆ ಹೋದದ್ದು, ನಿನ್ನ ಯಂತ್ರ ಇಡೀ ದಿನ ಸುಮ್ಮನೆ ನಿಂತದ್ದು, ಹೇಳದೆ ಕೇಳದೆ ತಪ್ಪಿಸಿಕೊಂಡಳು ಎಂದು ಮ್ಯಾನೇಜರ್ ನಿನ್ನನ್ನು ಕೆಲಸದಿಂದ ತೆಗೆದದ್ದು, ಎಲ್ಲ ಹೇಳಿದೆ. ನೀನು ಗೇಟಿನ ಹತ್ತಿರ ಇಸ್ತ್ರಿ ಅಕ್ಕನಿಗೆ "ನಂಬಿಸಿ ಕತ್ತು ಕುಯ್ದೆ" ಎಂದದ್ದನ್ನೂ ಹೇಳಿದೆ. ಅವಳು ಅಂದಿನಿಂದ ಊಟದ ಹೊತ್ತಿನಲ್ಲಿ ಒಬ್ಬಳೇ ಕೂರುತ್ತಾಳೆ.

ವಕೀಲೆ ಬರೆದುಕೊಳ್ಳುತ್ತಾ ಒಂದೊಂದೇ ಕೇಳಿದಳು. ಹಲ್ಲುನೋವಿಗೆ ಬಿಲ್ಲೆ ಬದಲಿಸುತ್ತಾರಾ? ಬದಲಿಸುತ್ತಾರೆ. ಮದುವೆಗೆ? ಅದಕ್ಕೂ. ಚೆಂಡಾಟ ನೋಡಲು ಹೋದವನಿದ್ದಾನೆ, ಮ್ಯಾನೇಜರ್ ಅವನನ್ನು ಕೇಳಿದ್ದು ಯಾರು ಗೆದ್ದರು ಎಂದು ಮಾತ್ರ. ಪ್ರಾರ್ಥನೆಗೆ ಮಾತ್ರ ಬೇಡವಾ? ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದಳು. ನಂಬಿಕೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲವಂತೆ. ಪ್ರಾರ್ಥನೆಗೆ ಬಿಡುವು ಕೇಳಿದರೆ, ಕೆಲಸಕ್ಕೆ ದೊಡ್ಡ ಅಡಚಣೆಯಾಗದ ಹಾಗೆ ಹೊಂದಿಸಲು ಆಗುತ್ತದೆಯೇ ಎಂದು ಯಜಮಾನರು ನೋಡಲೇಬೇಕಂತೆ. ಆಗುವುದಿಲ್ಲ ಎಂದರೆ, ಯಾಕೆ ಆಗುವುದಿಲ್ಲ ಎಂದು ತೋರಿಸಬೇಕಾದವರೂ ಅವರೇ. ಸಾಕ್ಷಿ ಹೇಳಿದವರಿಗೆ ತೊಂದರೆ ಕೊಟ್ಟರೆ ಅದೇ ಇನ್ನೊಂದು ಅಪರಾಧ. ನಾನು, "ಅವ್ರು ದೊಡ್ಡ ಮನಸ್ಸು ಮಾಡಿದ್ರೆ ಆಗುತ್ತೆ ಅನ್ನಿ" ಎಂದೆ. ಅವಳು ಪೆನ್ನು ಕೆಳಗಿಟ್ಟು, "ದೊಡ್ಡ ಮನಸ್ಸಿನ ಮಾತಲ್ಲ ತಾತ, ಇದು ಹಕ್ಕು" ಎಂದಳು. ಮೂವತ್ತೊಂದು ವರ್ಷ ದುಡಿದವನಿಗೆ ಅದನ್ನು ಇಷ್ಟುದ್ದದ ಹುಡುಗಿ ಹೇಳಿಕೊಡಬೇಕಾಯಿತು.

ಮೂವತ್ತೊಂದು ವರ್ಷ ನಾನು ಪ್ರತಿ ಪ್ರಾರ್ಥನೆಯ ದಿನವೂ ಬಾಯ್ಲರ್ ಮುಂದೆ ಕೂತೆ. ಯಾರೂ ಬೇಡ ಎನ್ನಲಿಲ್ಲ, ನಾನೇ ಕೇಳಲಿಲ್ಲ. ಕೇಳದಿದ್ದರೆ ಇಲ್ಲ ಎನ್ನಿಸಿಕೊಳ್ಳುವ ಕಷ್ಟವೂ ಇಲ್ಲ ನೋಡು. ನಿನಗೆ ಪ್ರಾರ್ಥನೆ ಕಲಿಸಿದವನು ನಾನೇ. ಮೊಣಕಾಲೆತ್ತರ ಇದ್ದಾಗ ನನ್ನ ತೊಡೆಯ ಮೇಲೆ ಕೂತು ತೊದಲುತ್ತಾ ಹೇಳುತ್ತಿದ್ದೆ. ಮನೆಯಲ್ಲಿ ಕಲಿಸಿ ಗೇಟಿನ ಹೊರಗೆ ಬಿಟ್ಟು ಬಾ ಎಂದರೆ ನೀನು ಹೇಗೆ ಬಿಟ್ಟೀಯ? ನಿನ್ನನ್ನು ತೆಗೆಯುವ ಮೊದಲು ಮ್ಯಾನೇಜರ್ ನಡೆಸಿದ ವಿಚಾರಣೆಯ ದಿನ, ಪ್ರಾರ್ಥನೆಯ ದಿನದ ಹಿಂದಿನ ಸಂಜೆ ನಿನ್ನ ಮೊಳೆಯಲ್ಲಿ ಇಸ್ತ್ರಿ ಅಕ್ಕನ ಬಿಲ್ಲೆ ಇತ್ತೇ ಎಂದು ನನ್ನನ್ನು ಕೇಳಿದಾಗ, "ಇದ್ರೂ ಇರಬಹುದು, ನಾನು ಸರಿಯಾಗಿ ಗಮನಿಸಲಿಲ್ಲ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಆಗ ನೀನು ತಿರುಗಿ ನೋಡಿದೆಯಲ್ಲ, ಆ ಕಣ್ಣು ಈಗಲೂ ನನ್ನ ಬೆನ್ನ ಹಿಂದೆ ಇದೆ. ನಾನು ಬಾಯ್ಲರ್ ಕಡೆ ಮುಖ ಮಾಡಿದಾಗಲೆಲ್ಲ ಗೊತ್ತಾಗುತ್ತದೆ.

ದೂರು ಕೊಡಲು ಮುಂದಿನ ತಿಂಗಳು ಎರಡನೇ ತಾರೀಖೇ ಕೊನೆಯ ದಿನ. ಅದು ದಾಟಿದರೆ ಯಾವ ವಕೀಲೆಯೂ ಏನೂ ಮಾಡಲಾರಳು. ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲ್ ಗುರುತು ಹಾಕಿರುವ ಎರಡು ಜಾಗದಲ್ಲಿ ನಿನ್ನ ಸಹಿ ಬೇಕು. ಕೋಪ ಇದ್ದರೆ ನನ್ನ ಮೇಲಿರಲಿ, ಕಾಗದದ ಮೇಲೆ ಬೇಡ. ನನಗಾಗಿ ಮಾಡು ಎನ್ನಲು ನನಗೆ ಮುಖವಿಲ್ಲ. ನಿನ್ನ ಹಿಂದೆ ಬರುವ ಹುಡುಗಿಯರಿಗಾಗಿಯಾದರೂ ಮಾಡು.

ಸೋದರತ್ತೆಗೆ ನನ್ನ ನೆನಪು ತಿಳಿಸು. ನಿನ್ನಮ್ಮ ಮುದ್ದು ಕಳಿಸಿದ್ದಾಳೆ, ಜೊತೆಗೆ ಎರಡು ಬೈಗುಳ. ದೇವರು ನಿನ್ನ ತಲೆ ಕಾಯಲಿ, ನನ್ನ ಹರಕೆ ಸಲ್ಲುವ ಹಾಗಿದ್ದರೆ ಅದೂ ನಿನ್ನ ಜೊತೆಗಿರಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಬಿಡುವು ಮುಗಿಯಲು ಐದು ನಿಮಿಷ ಇದೆ, ಬರೆದುಬಿಡುತ್ತೇನೆ. ಇಸ್ತ್ರಿ ಅಕ್ಕ ನಿನ್ನ ಕತ್ತು ಕುಯ್ಯಲಿಲ್ಲ. ಆ ಸಂಜೆ ಮ್ಯಾನೇಜರ್ ನನ್ನನ್ನು ಕರೆದು, "ದೇವ್ರು ಗೀವ್ರು ಅಂತ ಇಲ್ಲಿ ರಜೆ ಇಲ್ಲ. ಆ ಬಿಲ್ಲೆ ತೆಗೀರಿ, ಮಗಳಿಗೆ ನೀವೇ ಹೇಳಿ. ಇಲ್ಲಾಂದ್ರೆ ಇಬ್ರೂ ಮನೆಗೆ" ಎಂದ. ತೆಗೆದವನು ನಾನು. ಈ ಕೈಯಿಂದಲೇ ತೆಗೆದು ಅವಳ ಮೊಳೆಗೆ ಹಾಕಿದೆ, ಟಿಣ್ ಎಂದಿತು. ಮನೆಗೆ ಬಂದರೆ ನೀನು ನಾಳೆಯ ಬಟ್ಟೆ ಮಡಿಸುತ್ತಾ ಏನೋ ಗುನುಗುತ್ತಿದ್ದೆ. ಹೇಳಿದರೆ ಜಗಳಕ್ಕೆ ಹೋಗುತ್ತೀಯ, ನನ್ನ ಕೆಲಸವೂ ಹೋಗುತ್ತದೆ ಎಂದು ಬಾಯಿ ಬಿಡಲಿಲ್ಲ. ಬೆಳಿಗ್ಗೆ ನೀನು ಏಳುವ ಮೊದಲೇ ಕಳ್ಳನ ಹಾಗೆ ಹೊರಟುಹೋದೆ. ಇದನ್ನೆಲ್ಲ ವಕೀಲೆಯ ಮುಂದೆ ಹೇಳಿ ಸಹಿ ಹಾಕಿದ್ದೇನೆ, ಇಸ್ತ್ರಿ ಅಕ್ಕನ ಮುಂದೆಯೂ ಹೇಳಿದ್ದೇನೆ. ಅವಳು ಅತ್ತಳು. ನೀನು ಅವಳಿಗೆ ಒಂದು ಸಾಲು ಬರಿ, ನನಗೆ ಬರೆಯದಿದ್ದರೂ ಪರವಾಗಿಲ್ಲ. ಇವತ್ತು ಬೆಳಿಗ್ಗೆ ಎಲ್ಲರೂ ನೋಡುತ್ತಿದ್ದಂತೆ, ಮ್ಯಾನೇಜರ್ ಕೂಡ ನೋಡುತ್ತಿದ್ದಂತೆ, ನನ್ನ ಬಿಲ್ಲೆ ತೆಗೆದು ಹದಿನೇಳನೇ ಮೊಳೆಗೆ ಹಾಕಿದ್ದೇನೆ. ನೀನು ಬರುವವರೆಗೂ ಅದು ಅಲ್ಲೇ ಇರುತ್ತದೆ.