ಕೆಲಸದವರಲ್ಲ, ಮನೆಯವರು

ಮಾರ್ಚ್ ೪, ಬೆಳಿಗ್ಗೆ

ಬೆತ್ತ ನೆನೆಹಾಕಿದ್ದಾಯಿತು. ಒಂದು ಕಟ್ಟು ಬರೀ ಕಸ, ಬಗ್ಗಿಸಿದರೆ ಮುರಿಯುತ್ತದೆ. ಮಾರಿದವನ ಮುಖಕ್ಕೆ ಎಸೆಯಬೇಕು.

ಹೊಸ ಕಾನೂನು ಪಾಸಾಗಿದೆಯಂತೆ. ಹಳ್ಳಿಯಲ್ಲಿ ಉದ್ಯಮ ನಡೆಸುವವರಿಗೆ ತೆರಿಗೆ ಮಾಫಿ. ಐದು ಜನ ಕೆಲಸದವರಿರಬೇಕು, ಅಷ್ಟೇ. ದೊಡ್ಡ ಸೊಸೆ ಪೇಪರ್ ಓದಿ ಹೇಳಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದು ಅರ್ಥವಾಯಿತು — ಮಾಫಿ ಸಿಗದಿದ್ದರೆ ನಮ್ಮ ಬೆತ್ತದ ಕುರ್ಚಿ ಶೆಡ್ಡಿಗೆ ಬೀಗ. ಪೇಟೆ ಅಂಗಡಿಯವನ ಕೈಕೆಳಗೆ ಕುರ್ಚಿ ಹೆಣೆಯಬೇಕು. ನಾನು? ಅವನ ಕೈಕೆಳಗೆ?

ಮಾರ್ಚ್ ೧೧

ತೆರಿಗೆ ಇನ್‌ಸ್ಪೆಕ್ಟರ್ ಬಂದಿದ್ದ. ಬೆತ್ತ ಬಗ್ಗಿಸುವ ಇಬ್ಬರು ಕೂಲಿಯವರನ್ನು ನೋಡಿ ಬರೆದುಕೊಂಡ. ಆಮೇಲೆ ಹೆಣಿಗೆ ಕೋಣೆಗೆ ಇಣುಕಿದ. ಅಲ್ಲಿ ಇಬ್ಬರು ಸೊಸೆಯಂದಿರು, ನಾದಿನಿ.

"ಇವರೂ ಕೆಲಸದವರಾ, ಅಮ್ಮ?"

ಮೈ ಉರಿದುಹೋಯಿತು.

"ಯಾರನ್ನ ಕೆಲಸದವರು ಅಂತೀಯಪ್ಪಾ? ಇವರು ನಮ್ಮನೆ ಸೊಸೆಯಂದಿರು. ಅವಳು ನನ್ನ ಗಂಡನ ತಂಗಿ. ನಾಲಿಗೆ ಮೇಲೆ ನಿಗಾ ಇರಲಿ!"

"ಸರಿ ಬಿಡಿ," ಅಂದ. ಕೆಲಸದವರು ಇಬ್ಬರೇ ಅಂತ ಬರೆದುಕೊಂಡು ಹೋದ.

ಅವನು ಗೇಟು ದಾಟಿದ ಮೇಲೆ ಹೊಳೆಯಿತು — ಆ ಇಬ್ಬರು, ಈ ಮೂವರು, ಒಟ್ಟು ಐದು! ದೊಡ್ಡ ಸೊಸೆ ಹಣೆ ಚಚ್ಚಿಕೊಂಡಳು. "ಅತ್ತೆ, ನಿಮ್ಮ ಬಾಯಿ…" ಅಂದು ನಿಲ್ಲಿಸಿದಳು. ಪೂರ್ತಿ ಬೈದಿದ್ದರೂ ತಪ್ಪಿರಲಿಲ್ಲ.

ಮಾರ್ಚ್ ೧೨

ನಾದಿನಿ ಬೆತ್ತ ಮುಟ್ಟಿಲ್ಲ. ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾಳೆ, ಮಹಾರಾಣಿ.

"ಏನೇ, ಕೈಗೇನಾಗಿದೆ?"

"ನಾನು ಮನೆಯವಳಲ್ವಾ ಅತ್ತಿಗೆ. ಕೂತಿದ್ದೀನಿ."

"ಮರ್ಯಾದೆ ಕೊಟ್ಟಿದ್ದೇ ತಪ್ಪಾಯ್ತಾ?"

"ಗಂಡ ಹೋದ ಮೇಲೆ ಇಲ್ಲಿಗೆ ಬಂದೆ. ಬಿಟ್ಟಿ ಕೂಳು ಅಂದ್ರು ಜನ. ಈ ಅಂಗೈ ನೋಡಿ, ಹೆಣೆದೂ ಹೆಣೆದೂ ರೇಖೆನೇ ಸವೆದಿದೆ. ಕೆಲಸದವಳು ಅಂತ ಒಂದ್ಕಡೆ ಬರೆಸಿ. ನನಗೆ ಅದೇ ಮರ್ಯಾದೆ."

ಅವಳ ಅಂಗೈ ಎಳೆದು ನೋಡಿದೆ. ನಿಜವೇ.

"ಬರೆಸಿದ್ರೆ ಸಂಬಳನೂ ಕೊಡ್ಬೇಕಾಗುತ್ತೆ, ಅತ್ತೆ," ಅಂದಳು ಚಿಕ್ಕವಳು.

"ಕೊಡ್ತೀನಿ, ಸುಮ್ನಿರೇ."

ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಮೂದೇವಿಗಳು.

ಮಾರ್ಚ್ ೧೮, ಮಧ್ಯಾಹ್ನ

ತೆರಿಗೆ ಆಫೀಸಿನ ಬೆಂಚು. ಇಂಥ ಬೆಂಚಿನ ಮೇಲೆ ಕೂತವರ ಸೊಂಟಕ್ಕೆ ದೇವರೇ ಗತಿ. ಮೂವರನ್ನೂ ಕರೆತಂದಿದ್ದೇನೆ, ಜೊತೆಗೆ ನಾದಿನಿ ಹೆಣೆದ ಒಂದು ಕುರ್ಚಿ. ಬಸ್ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ, ಕಳ್ಳ.

"ಮೊನ್ನೆ ಮನೆಯವರು ಅಂದ್ರಲ್ಲಮ್ಮ?" ಅದೇ ಇನ್‌ಸ್ಪೆಕ್ಟರ್.

"ಅಂದೆ. ಇವತ್ತು ಕೆಲಸದವರು ಅಂತೀನಿ. ಎರಡೂ ನಿಜ. ಮೊದಲು ಇದರ ಮೇಲೆ ಕೂತ್ಕೋ."

ಕೂತ. ದಪ್ಪ ಆಸಾಮಿ. ಬೆತ್ತ ಕಿರ್ ಅನ್ನಲಿಲ್ಲ.

"ಸಂಬಳ ಕೊಡ್ತೀರಾ?"

"ಈ ತಿಂಗಳಿಂದ. ಬರ್ಕೋ."

"ಇದನ್ನ ಹೆಣೆದದ್ದು ಯಾರು?"

ಬಾಯಿ ತೆರೆದೆ. ನಾದಿನಿ ನನ್ನ ತೋಳು ಹಿಡಿದಳು. "ನಾನೇ ಹೇಳ್ತೀನಿ, ಅತ್ತಿಗೆ."

ಹೇಳಿದಳು. ಹೆಣೆದದ್ದು ತಾನೇ ಅಂತ, ಹೇಗೆ ಹೆಣೆದೆ ಅಂತ, ನೆಟ್ಟಗೆ ನಿಂತು, ಆಫೀಸಿಗೆಲ್ಲ ಕೇಳುವ ಹಾಗೆ. ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಪಿಸುಗುಟ್ಟುವವಳು! ಆಚೆ ಮೇಜಿನವರೂ ಎದ್ದು ಬಂದರು. ಇನ್‌ಸ್ಪೆಕ್ಟರ್ ಎರಡನ್ನು ಹೊಡೆದುಹಾಕಿ ಐದು ಅಂತ ತಿದ್ದಿದ. ಸೀಲು ಬಿತ್ತು. ಶೆಡ್ಡು ಉಳಿಯಿತು.

ಅವಳು ಇನ್ನೂ ಹೇಳುತ್ತಲೇ ಇದ್ದಾಳೆ. ಸಾಕು ಬಾರೇ, ಬಸ್ಸು ತಪ್ಪುತ್ತೆ ಅನ್ನಬೇಕು… ಅನ್ನುವುದಿಲ್ಲ. ಹೋದರೆ ಹೋಗಲಿ ಬಸ್ಸು. ಇಗೋ, ಈಗ ಎಡಗೈಯಲ್ಲಿ ಹೆಣೆಯುವುದು ಹೇಗೆ ಅಂತ ತೋರಿಸಲು ಇನ್‌ಸ್ಪೆಕ್ಟರನ್ನೇ ಕುರ್ಚಿಯಿಂದ ಎಬ್ಬಿಸಿದಳು.