ಅಂಗೈಗೆ ಕೇಳಿಸಿದ ಕೆಮ್ಮು

ನನ್ನ ಪ್ರೀತಿಯ ಅಕ್ಕ,

ಸುಖವಾಗಿ ಮನೆ ಸೇರಿದೆ. ಚೀಲ ಇಳಿಸಿ, ಮುಖ ತೊಳೆದು, ಮೊದಲು ಕೂತಿದ್ದು ಈ ಕಾಗದ ಬರೆಯಲು. ಎದುರಿಗೇ ಇದ್ದಾಗ ಹೇಳದೆ ಈಗ ಕಾಗದ ಯಾಕೆ ಎಂದು ನೀನು ಹುಬ್ಬು ಹಾರಿಸುತ್ತೀಯ, ನನಗೆ ಗೊತ್ತು. ಏನು ಮಾಡಲಿ, ಊರೂರು ತಿರುಗಿ ಕಥೆ ಹೇಳಿ ಹೊಟ್ಟೆ ಹೊರೆಯುವ ನಾನು ಕೈಮಾತಿನಲ್ಲಿ ಮಾತ್ರ ತೊದಲ. ಹುಟ್ಟಿನಿಂದ ಕಿವಿ ಕೇಳದ ನಿನಗಾಗಿ ಅಮ್ಮ ಒಂದೊಂದೇ ಸನ್ನೆ ಕೂಡಿಸಿ ಕಟ್ಟಿದ ಮಾತು ಅದು. ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ, ಆದರೂ ನನ್ನ ಬೆರಳುಗಳಿಗೆ ಅದು ಹತ್ತಲೇ ಇಲ್ಲ. ಹೊರಡುವ ಹೊತ್ತಿಗೆ ನಿನ್ನನ್ನು ಮೆಚ್ಚಿ ಒಂದು ಮಾತು ಹೇಳೋಣವೆಂದು ಬಾಗಿಲಲ್ಲಿ ನಿಂತು ಕೈಯಾಡಿಸಿದೆ. ನೀನು ಬಲು ಗಂಭೀರವಾಗಿ ನೋಡಿದೆ, ಒಳಗೆ ಹೋದೆ, ಒಂದು ಲೋಟ ನೀರು ತಂದುಕೊಟ್ಟೆ. ನಾನು ನೀರು ಕುಡಿದು ಬಸ್ಸು ಹತ್ತಿದೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ.

ನಾನು ಬಂದ ದಿನ ನೀನು ಅಡುಗೆಮನೆಯ ಮೇಜಿನ ಮೇಲೆ ನಿನ್ನ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅದರ ಒಂದು ಮೂಲೆಗೆ ಅಂಗೈ ಒತ್ತಿ ಕೂತಿದ್ದೆ. ನನ್ನನ್ನು ಕಂಡೂ ಏಳಲಿಲ್ಲ. ಭಾವ ಬಾಗಿಲಲ್ಲೇ ನನಗೆ ವರದಿ ಒಪ್ಪಿಸಿದರು. "ಬಾಪ್ಪಾ ಕಥೆಗಾರ. ಜಾಗ ತುಂಬಿಹೋಗಿದೆ ಅಂತ ಅದು ಹೇಳ್ತಿದೆ. ಅದು ಕೆಮ್ತಿದೆ ಅಂತ ನಿಮ್ಮಕ್ಕ ಹೇಳ್ತಿದಾಳೆ. ಮಧ್ಯದಲ್ಲಿ ನನ್ನ ಮಾತು ಯಾರೂ ಕೇಳ್ತಿಲ್ಲ."

ಭಾವನ ಮಾತು ಯಾರೂ ಕೇಳದೆ ಇರುವುದು ಇಡೀ ಲೋಕದಲ್ಲಿ ಆ ಒಂದು ಮನೆಯಲ್ಲಿ ಮಾತ್ರ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಮನುಷ್ಯ. ಅವರು ಬೆಲೆ ಕೂಗಿದರೆ ಆಚೆ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ. ಅಂಥವರು ಮನೆಗೆ ಬಂದರೆ ಚಪ್ಪಲಿಯ ಜೊತೆ ಗಂಟಲನ್ನೂ ಹೊರಗೇ ಬಿಟ್ಟು, ನಿನ್ನ ಹತ್ತಿರ ಕೈಯಲ್ಲೇ ಹರಟುತ್ತಾರೆ. ಅವರ ಕೈಮಾತು ನನ್ನದಕ್ಕಿಂತ ಎಷ್ಟೋ ಚೆಂದ ಎಂದು ಅಮ್ಮ ನನ್ನೆದುರಿಗೇ ಹೇಳುತ್ತಾಳೆ. ನಾನು ಸಹಿಸಿಕೊಂಡಿದ್ದೇನೆ.

ಭಾವನೂ ನಾನೂ ಸರದಿಯ ಮೇಲೆ ಲ್ಯಾಪ್‌ಟಾಪಿಗೆ ಕಿವಿ ಕೊಟ್ಟೆವು. ಒಳಗಿನ ಫ್ಯಾನಿನ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ನೀನು ನನ್ನ ಕೈ ಹಿಡಿದು ಸರಿಯಾದ ಜಾಗಕ್ಕೆ ಒತ್ತಿದೆ. ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಆ ಗುಂಯ್‌ನ ಅಡಿಯಲ್ಲಿ ಎಲ್ಲೋ ಒಂದು ಪುಟ್ಟ ಗುದ್ದು. ಸುಮ್ಮನಾಗುತ್ತದೆ. ಮತ್ತೆ ಗುದ್ದು. ಯಾರೋ ಒಳಗಿನಿಂದ ಬಾಗಿಲು ಬಡಿದು, ನಾಚಿಕೊಂಡು ನಿಲ್ಲಿಸಿದ ಹಾಗೆ. ನೀನು ಮುಷ್ಟಿ ಎದೆಗಿಟ್ಟು ತೋರಿಸಿದೆ: ಕೆಮ್ಮು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಯಾವ ಯಂತ್ರದ ಸೂಜಿ ಮುರಿಯಲಿದೆ, ಯಾವುದರ ಬೆಲ್ಟು ಜಾರಲಿದೆ ಎಂದು ಕೈಯಿಟ್ಟು ಹೇಳುವವಳು ನೀನು. ಅಲ್ಲಿ ನಿನ್ನ ಕೈಯನ್ನು ಎಲ್ಲರೂ ನಂಬುತ್ತಾರೆ. ಮನೆಯಲ್ಲಿ ನಮ್ಮಿಬ್ಬರು ಗಂಡಸರಿಗೆ ಪರೀಕ್ಷೆ ಬೇಕಾಯಿತು.

ಕೆಮ್ಮುತ್ತಿದ್ದದ್ದು ಲ್ಯಾಪ್‌ಟಾಪಿನೊಳಗಿನ ಡಿಸ್ಕು, ಅದರಲ್ಲಿ ಇದ್ದದ್ದು ನಿನ್ನ ಕೈಗತೆಗಳು. ಅಮ್ಮ ನನಗೆ ಬಾಯಲ್ಲಿ, ನಿನಗೆ ಕೈಯಲ್ಲಿ ಹೇಳಿದ ಕಥೆಗಳು, ನೀನು ಕ್ಯಾಮೆರಾದ ಮುಂದೆ ಕೈಯಲ್ಲೇ ಹೇಳಿ ಹಿಡಿದಿಟ್ಟವು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪ್ರತಿವಾರ ಅವನ್ನು ಪರದೆ ಹಾಕಿ ತೋರಿಸುತ್ತಾರೆ, ನಿನ್ನ ಹೊಸ ಕಥೆಗೆ ಮಕ್ಕಳು ಕಾದು ಕೂರುತ್ತಾರೆ. ನನ್ನ ಕಥೆಗಳು ಬರೀ ದನಿ, ಎಲ್ಲೋ ಒಂದು ಮೂಲೆಯಲ್ಲಿ ಮುದುರಿಕೊಂಡು ಮಲಗುತ್ತವೆ. ನಿನ್ನವು ವಿಡಿಯೋ, ಕೈಕಾಲು ಚಾಚಿ ಮನೆ ತುಂಬ ಮಲಗುವ ನೆಂಟರು. "ಸ್ವಲ್ಪ ಕುಗ್ಗಿಸಿ ಇಟ್ಟರೆ ಆಯ್ತಲ್ಲ" ಎಂದು ಭಾವ ಹಿಂದೊಮ್ಮೆ ಉಪಾಯ ಹೇಳಿದ್ದರಂತೆ. ಕುಗ್ಗಿಸಿದ ಒಂದು ಕಥೆಯನ್ನು ನೀನು ನನಗೆ ತೋರಿಸಿದೆ. ಬೆರಳುಗಳೆಲ್ಲ ಅಂಟಿಕೊಂಡು ಕೈ ಹಿಟ್ಟಿನ ಮುದ್ದೆಯಾಗಿತ್ತು. ಭೂತದ ಸನ್ನೆಯೂ ಒಂದೇ, ಬದನೆಕಾಯಿಯದೂ ಒಂದೇ.

ಆದರೆ ನೀನು ಅಂಗೈ ತೆಗೆಯದೆ ಕೂತದ್ದು ಅವುಗಳಲ್ಲಿ ಒಂದೇ ಒಂದಕ್ಕಾಗಿ. ಪಾರ್ಶ್ವವಾಯು ಬಡಿದು ಅಮ್ಮನ ಎಡಗೈ ಬೀಳುವ ಮೊದಲು, ಅವಳನ್ನು ಕಿಟಕಿಯ ಬಳಿ ಕೂರಿಸಿ ನೀನು ಹಿಡಿದಿಟ್ಟ ವಿಡಿಯೋ. ಗಾಳಿಯನ್ನು ಗಂಟು ಕಟ್ಟಿದ ಮುದುಕಿಯ ಕಥೆ.

ಆ ಮುದುಕಿಯ ಗುಡಿಸಲಿನ ಸೂರನ್ನು ಗಾಳಿ ಮತ್ತೆ ಮತ್ತೆ ಹಾರಿಸುತ್ತದೆ. ಒಂದು ದಿನ ಅವಳು ರೋಸಿಹೋಗಿ, ಕಂಬಳಿ ಹಿಡಿದು ಗುಡ್ಡ ಹತ್ತಿ, ಗಾಳಿಯನ್ನು ಹಿಡಿದು ಗಂಟು ಕಟ್ಟಿಬಿಡುತ್ತಾಳೆ. ಎಲೆ ಅಲುಗುವುದಿಲ್ಲ, ದೋಣಿ ಸಾಗುವುದಿಲ್ಲ, ತೂರಿದ ಕಾಳಿನಿಂದ ಹೊಟ್ಟು ಹಾರುವುದಿಲ್ಲ. ನನಗೆ ಅಮ್ಮ ಬಾಯಲ್ಲಿ ಹೇಳಿದ ಕಥೆಯಲ್ಲಿ, ಊರಿನವರೆಲ್ಲ ಬಂದು ಬೇಡಿಕೊಂಡ ಮೇಲೆ ಮುದುಕಿ ಗಂಟು ಬಿಚ್ಚುತ್ತಾಳೆ. ನಾನು ಅದನ್ನೇ ಎಷ್ಟೋ ಅಂಗಳಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನಿನಗೆ ಕೈಯಲ್ಲಿ ಹೇಳಿದ್ದರಲ್ಲಿ ಊರಿನವರು ಬರುವುದೇ ಇಲ್ಲ. ಮುದುಕಿ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಾಳೆ. ಒಳಗೆ ಗಾಳಿ ಮಿಸುಕುವುದು ಅವಳ ಅಂಗೈಗೆ ತಾಗುತ್ತದೆ, ಮನಸ್ಸು ಕರಗುತ್ತದೆ, ಬಿಚ್ಚುತ್ತಾಳೆ. ಗಾಳಿ ತಿರುಗಿಯೂ ನೋಡದೆ ಓಡಿಹೋಗುತ್ತದೆ. ಅಮ್ಮನ ಬಲಗೈ ಮುದುಕಿ, ಎಡಗೈ ಗಾಳಿ. ಎಡಗೈ ಬಿದ್ದ ಮೇಲೆ ಅಮ್ಮ ಆ ಕಥೆಯನ್ನು ಮಾತ್ರವಲ್ಲ, ಕೈಗತೆ ಹೇಳುವುದನ್ನೇ ಬಿಟ್ಟಳು. "ಗಾಳಿನೇ ಇಲ್ಲ, ಮುದುಕಿ ಯಾರ ಹತ್ರ ಜಗಳ ಆಡ್ತಾಳೆ?" ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಆ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ನೋಡಿದೆಯಂತೆ. ಅರ್ಧಕ್ಕೆ ನಿಂತು ಲ್ಯಾಪ್‌ಟಾಪೇ ಮರಗಟ್ಟಿತಂತೆ. "ಹೊಸದೇ ತಗೊಂಡ್ರೆ ಆಯ್ತಪ್ಪ" ಎಂದರು ಭಾವ. ನೀನು ಲ್ಯಾಪ್‌ಟಾಪಿನ ಪರದೆ, ಕೀಲಿಮಣೆ, ಕ್ಯಾಮೆರಾ ಒಂದೊಂದನ್ನೇ ತಟ್ಟಿ ತೋರಿಸಿದೆ: ಇದು ಗಟ್ಟಿ, ಇದು ಗಟ್ಟಿ, ಇದೂ ಗಟ್ಟಿ. ಆಮೇಲೆ ಕೆಮ್ಮುವ ಮೂಲೆ ಮುಟ್ಟಿ ಕೇಳಿದೆ: ಹೊಸದು ತಂದರೆ, ಇದರೊಳಗಿರುವ ಅಮ್ಮನನ್ನು ಹೊರಗೆ ಕರೆತರುವವರು ಯಾರು?

ರಿಪೇರಿ ಅಂಗಡಿಯವನನ್ನು ನೆನೆದರೆ ನನಗೆ ಈಗಲೂ ಖುಷಿ. ನಾವು ಮೂವರು ಹೋಗಿ ನಿಂತಾಗ ಅವನು ನಿನ್ನ ಮುಖ ನೋಡಿದ, ನೀನು ತೋರಿಸಿದ ಕಡೆ ತಾನೂ ಅಂಗೈ ಇಟ್ಟ, ಕಣ್ಣು ಮುಚ್ಚಿದ. "ಹೌದು ಕಣಕ್ಕಾ, ಇದು ಹೋಗೋ ದಾರೀಲಿದೆ" ಎಂದ. "ಒಂದೊಂದೇ ಫೈಲು ಕೆದಕಬೇಡಿ, ಕೆದಕಿದಷ್ಟೂ ಸುಸ್ತಾಗತ್ತೆ. ದೊಡ್ಡ ಡಿಸ್ಕ್ ಕೊಡ್ತೀನಿ. ಇಡೀ ಹಳೇದನ್ನ ಒಂದೇ ಉಸಿರಿಗೆ ಅದಕ್ಕೆ ನಕಲು ಮಾಡ್ಬೇಕು, ಆಮೇಲೆ ಹಳೇದನ್ನ ತೆಗೆದು ಇದನ್ನ ಒಳಗೆ ಕೂರಿಸ್ಬೇಕು. ಬಿಟ್ಟು ಹೋಗಿ, ವಾರದಲ್ಲಿ ಮಾಡ್ತೀನಿ." ಭಾವ ಎಲ್ಲವನ್ನೂ ಕೈಯಲ್ಲಿ ನಿನಗೆ ಹೇಳಿದರು. ನೀನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ತಲೆಯಾಡಿಸಿದೆ, ಬಿಟ್ಟು ಹೋಗುವುದಿಲ್ಲವೆಂದು. ಅವನು ಕಪಾಟಿನಲ್ಲಿ ಸರದಿ ಕಾಯುತ್ತಿದ್ದ ಲ್ಯಾಪ್‌ಟಾಪುಗಳ ರಾಶಿ ನೋಡಿದ, ನಿನ್ನನ್ನು ನೋಡಿದ. ಹೊಸ ಡಿಸ್ಕು, ಅದನ್ನು ಹೊರಗಿನಿಂದ ಜೋಡಿಸುವ ಕೇಬಲ್ಲು, ನಕಲು ಮಾಡುವ ಸಾಫ್ಟ್‌ವೇರು ಎಲ್ಲ ಕೊಟ್ಟು, ಎಲ್ಲಿ ಬಿಚ್ಚಬೇಕು, ಎಲ್ಲಿ ಎಳೆಯಬೇಕು ಎಂದು ಇನ್ನೊಂದು ಲ್ಯಾಪ್‌ಟಾಪಿನ ಮೇಲೆ ತೋರಿಸಿದ. ಕೊನೆಗೆ ತನ್ನ ಜೇಬಿನ ಪುಟ್ಟ ಸ್ಕ್ರೂಡ್ರೈವರನ್ನೂ ಕೊಟ್ಟ. "ಇದು ಮಾತ್ರ ವಾಪಸ್ ಬೇಕು ಅಕ್ಕಾ, ಇದು ಕಳೆದ್ರೆ ನನ್ನ ಕೈಯೇ ಹೋದ ಹಾಗೆ."

ಮಾರನೆಯ ಬೆಳಗ್ಗೆ ನೀನು ಶುರು ಮಾಡಿದೆ. ಹಸುವಿನ ಪಕ್ಕ ಕರು ಕಟ್ಟಿದ ಹಾಗೆ ಹೊಸ ಡಿಸ್ಕನ್ನು ಕೇಬಲ್ಲಿನಲ್ಲಿ ಕಟ್ಟಿ ಪಕ್ಕಕ್ಕೆ ಮಲಗಿಸಿದೆ. ಬಿಸಿಯಾಗದಿರಲೆಂದು ಟೇಬಲ್ ಫ್ಯಾನು ತಿರುಗಿಸಿದೆ. ಮೇಜು ಅದುರಬಾರದೆಂದು ನಮ್ಮ ಓಡಾಟವನ್ನೇ ನಿಲ್ಲಿಸಿದೆ. ಭಾವ ತುದಿಗಾಲಿನಲ್ಲಿ ನಡೆದದ್ದು ಸರಿ, ಕೈಮಾತನ್ನೂ ಎದೆಗೆ ಹತ್ತಿರ ಹಿಡಿದು ಚಿಕ್ಕದಾಗಿ ಆಡುತ್ತಿದ್ದರಲ್ಲ, ಬೆರಳಿನ ಸದ್ದಿಗೂ ಡಿಸ್ಕು ಬೆಚ್ಚಿಬೀಳುತ್ತದೆ ಎಂಬಂತೆ! "ಹೆರಿಗೆ ಮನೆ ಆಯ್ತಲ್ಲೋ ಇದು" ಎಂದಳು ಅಮ್ಮ, ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು. ಆಮೇಲೆ ನನಗಷ್ಟೇ ಕೇಳುವಂತೆ, "ಹೋದ್ರೆ ಹೋಗ್ಲಿ ಬಿಡು ಅಂತ ಹೇಳೋ ಅವಳಿಗೆ. ಕೈಯೇ ಹೋದ ಮೇಲೆ ಅದರ ಚಿತ್ರ ಇಟ್ಕೊಂಡು ಏನಾಗ್ಬೇಕು" ಎಂದಳು. ನಾನು ಹೇಳಲಿಲ್ಲ. ನೀನು ಅವಳ ಮುಖ ನೋಡಿಯೇ ಓದಿಕೊಂಡೆ. ಎದ್ದು ಹೋದೆ. ಮಡಿಲಿನಿಂದ ಜಾರಿ ತೂಗುತ್ತಿದ್ದ ಅವಳ ಎಡಗೈಯನ್ನು ಎತ್ತಿ ದಿಂಬಿನ ಮೇಲೆ ಇಟ್ಟೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ವಾಪಸ್ ಬಂದು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ಕೂತೆ. ಅಮ್ಮ ಮತ್ತೆ ಆ ಮಾತು ಆಡಲಿಲ್ಲ.

ಮಧ್ಯಾಹ್ನ, ನಕಲು ಎಷ್ಟಾಯಿತೆಂದು ತೋರಿಸುತ್ತ ಪರದೆಯ ಮೇಲೆ ತೆವಳುತ್ತಿದ್ದ ಪಟ್ಟಿ ನಿಂತುಬಿಟ್ಟಿತು. ಈಗ ಗುದ್ದು ನಮ್ಮ ಕಿವಿಗೂ ಕೇಳುತ್ತಿತ್ತು, ಟಕ್, ಟಕ್, ಟಕ್. "ಸತ್ತೇಹೋಯ್ತು, ಕಿತ್ತುಬಿಡು, ಮತ್ತೆ ಶುರು ಮಾಡೋಣ" ಎಂದು ಭಾವ ಕೇಬಲ್ಲಿಗೆ ಕೈ ಹಾಕಿದರು. ನೀನು ಅವರ ಮಣಿಕಟ್ಟು ಹಿಡಿದೆ. ಇನ್ನೊಂದು ಕೈ ಹಳೆಯ ಡಿಸ್ಕಿರುವ ಮೂಲೆಯ ಮೇಲೆ. ಕಣ್ಣು ಮುಚ್ಚಿದ್ದೆ. ಸುತ್ತಾಟ ನಿಂತಿಲ್ಲ, ಕೆಮ್ಮಿನ ನಡುವೆ ಉಸಿರು ಓಡುತ್ತಿದೆ ಎಂದು ಆಮೇಲೆ ಹೇಳಿದೆ. ಬೆಲ್ಟು ಜಾರಿದಾಗ ಮೋಟಾರು ನಿಲ್ಲಿಸಬಾರದು, ಅದು ಮತ್ತೆ ಹಿಡಿದುಕೊಳ್ಳುವವರೆಗೆ ಕಾಯಬೇಕಂತೆ. ನಮಗೆ ಅದೆಲ್ಲ ಆಗ ಗೊತ್ತಿಲ್ಲ. ಒಂದು ಕೈಯಲ್ಲಿ ಗಂಡನನ್ನೂ ಇನ್ನೊಂದು ಕೈಯಲ್ಲಿ ಡಿಸ್ಕನ್ನೂ ಹಿಡಿದು ಕೂತ ನಿನ್ನನ್ನು ನೋಡುತ್ತ ನಿಂತಿದ್ದೆವು. ಪಟ್ಟಿ ಅಲುಗಿತು. ಮತ್ತೆ ನಿಂತಿತು. ಮತ್ತೆ ಅಲುಗಿತು. ಸಂಜೆಯ ಹೊತ್ತಿಗೆ ದಡ ಮುಟ್ಟಿತು.

ನೀನು ಬಿಚ್ಚಿದ ರೀತಿಯಂತೂ ನೋಡುವ ಹಾಗಿತ್ತು. ಚಾರ್ಜರು ಕಿತ್ತು, ಬ್ಯಾಟರಿ ತೆಗೆದು, ಲ್ಯಾಪ್‌ಟಾಪನ್ನು ಟವೆಲಿನ ಮೇಲೆ ಬೋರಲು ಮಲಗಿಸಿದೆ. ಪಕ್ಕದಲ್ಲಿ ಒಂದು ತುಂಡು ಬಟ್ಟೆ ಹಾಸಿ, ಹೊಲಿಗೆಯ ಸೀಮೆಸುಣ್ಣದಲ್ಲಿ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಟ್ಟೆ. ಹಳೆಯ ಡಿಸ್ಕನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಿ ಹೊರತೆಗೆದೆ, ಅದರ ತಗಡಿನ ಚೌಕಟ್ಟು ಕಳಚಿ ಹೊಸದಕ್ಕೆ ತೊಡಿಸಿದೆ, ಒಳಗೆ ಕೂರಿಸಿದೆ. ಒಂದು ಸ್ಕ್ರೂ ಮಿಗಲಿಲ್ಲ, ಒಂದು ಕಡಿಮೆ ಬೀಳಲಿಲ್ಲ. ನಾನು ಸೈಕಲ್ ಬಿಚ್ಚಿದರೆ ಇನ್ನೊಂದು ಸೈಕಲ್ಲಿಗೆ ಆಗುವಷ್ಟು ಸಾಮಾನು ಮಿಗುತ್ತದೆ.

ಲ್ಯಾಪ್‌ಟಾಪಿಗೆ ಜೀವ ಬಂತು. ನೀನು ಅಂಗೈ ಇಟ್ಟು ನೋಡಿ ನನ್ನ ಕೈಯನ್ನೂ ಇಡಿಸಿದೆ. ಕೆಮ್ಮಿಲ್ಲ, ನಿದ್ದೆ ಹೋದ ಬೆಕ್ಕಿನ ಗುರುಗುರು ಅಷ್ಟೇ. ಆಗ ಪರದೆಯ ಮೂಲೆಯಲ್ಲಿ ಅದೇ ಹಳೆಯ ಕಾಟ: ಜಾಗವಿಲ್ಲ. ಭಾವ ಆ ಮನೆಯೊಳಗೆ ಮೊದಲ ಸಲ ಮಾರುಕಟ್ಟೆಯ ಗಂಟಲು ತೆಗೆದರು. "ಮೋಸ! ದೊಡ್ಡದು ಅಂತ ಹೇಳಿ ಸಣ್ಣದು ಕಟ್ಟಿದಾನೆ!" ಕಿಟಕಿಯ ಗಾಜು ಅದುರಿತು. ಮೇಜಿನ ಮೂಲಕ ಅದು ನಿನ್ನ ಕೈಗೆ ತಾಗಿತೋ ಏನೋ, ತಲೆಯೆತ್ತಿ ಅವರನ್ನು ಒಂದು ನೋಟ ನೋಡಿದೆ. ಹರಾಜು ಅಲ್ಲಿಗೆ ಮುಗಿಯಿತು.

ನೀನು ಅಂಗಡಿಯವನಿಗೆ ಮೊಬೈಲಿನಲ್ಲಿ ಬರೆದು ಕೇಳಿದೆ. ನಕಲಿನ ಜೊತೆ ಹಳೆಯ ಅಳತೆಯೂ ಬಂದಿದೆ, ಮಿಕ್ಕ ಜಾಗ ಪಕ್ಕದಲ್ಲೇ ಖಾಲಿ ಬಿದ್ದಿದೆ, ಅದನ್ನು ಇದಕ್ಕೆ ಸೇರಿಸಿಕೊಳ್ಳಿ ಎಂದು ಉತ್ತರ ಬಂತು. ಇಡೀ ವ್ಯವಹಾರದಲ್ಲಿ ನನಗೆ ಸರಿಯಾಗಿ ತಿಳಿದದ್ದು ಇದೊಂದೇ. ಪಕ್ಕದ ಹೊಲ ಕೊಂಡಾಗಿದೆ, ನಡುವಿನ ಬದು ಇನ್ನೂ ಒಡೆದಿಲ್ಲ! ನಾನು ಬದು ಒಡೆಯುವ ಸನ್ನೆ ಮಾಡಿ ತೋರಿಸಿದೆ. ನನ್ನ ಆಯಸ್ಸಿನಲ್ಲಿ ನೀನು ತಿದ್ದದೆ ಒಪ್ಪಿಕೊಂಡ ಮೊದಲ ಸನ್ನೆ ಅದು. ಎಲ್ಲಿ ಒತ್ತಬೇಕೆಂದು ಹುಡುಕಿ ನೀನು ಬದು ಒಡೆದೆ. ಹೊಲ ಹರವಾಗಿ ಬಿಚ್ಚಿಕೊಂಡಿತು.

ಆಮೇಲಿನದು ನಿನಗೂ ಗೊತ್ತು. ಆದರೂ ಬರೆಯುತ್ತೇನೆ. ನೀನು ಆಗ ಅದರೊಳಗಿದ್ದೆ, ನಾನು ಹೊರಗೆ ನಿಂತು ನೋಡಿದ್ದೇನೆ.

ನೀನು ಲ್ಯಾಪ್‌ಟಾಪನ್ನು ಅಮ್ಮನ ಮುಂದೆ ಒಯ್ದು ಆ ವಿಡಿಯೋ ಹಾಕಿದೆ. ಪೆನ್‌ಡ್ರೈವಿನ ನಕಲು ಅರ್ಧಕ್ಕೆ ನಿಂತಿದ್ದ ಜಾಗ ಬಂದಾಗ ನಾನು ಪರದೆಗೆ ಬಗ್ಗಿ ನೋಡಿದೆ. ಚಿತ್ರ ಒಮ್ಮೆ ಕದಲಿತು, ಮುಂದೆ ಸಾಗಿತು. ಅಮ್ಮನ ಎರಡು ಕೈ, ಮುದುಕಿ ಮತ್ತು ಗಾಳಿ, ಕೊನೆಯವರೆಗೂ. ಅಮ್ಮ ಅದನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದಳು. ಕಥೆ ಮುಗಿಯಿತು. ಆಗ ಅವಳ ಬಲಗೈ ತಾನಾಗಿ ಎದ್ದಿತು. ಎರಡು ಬೆರಳು ಬಗ್ಗಿಸಿಕೊಂಡು ಮುದುಕಿ ಕುರ್ಚಿಯ ತೋಳಿನ ಮೇಲೆ ನಡೆದಳು, ಸೂರು ಹೊದಿಸಿದಳು, ಸೊಂಟ ನೀವಿಕೊಂಡಳು. ಗಾಳಿ ಬರಬೇಕಾದ ಜಾಗ ಬಂತು. ಕೈ ನಿಂತಿತು. ಕಾಯುತ್ತಲೇ ಇತ್ತು.

ನೀನು ಅವಳ ಎಡಕ್ಕೆ ಮಂಡಿಯೂರಿ ಕೂತು, ನಿನ್ನ ಎಡಗೈಯನ್ನು ಗಾಳಿ ಮಾಡಿ ಬೀಸಿದೆ.

ಅಮ್ಮ ನಿನ್ನ ಕಡೆ ತಿರುಗಲಿಲ್ಲ. ಅವಳ ಮುದುಕಿ ಸೀದಾ ಜಗಳಕ್ಕೆ ಬಿದ್ದಳು! ಭಾವ ತುದಿಗಾಲಿನಲ್ಲಿ ಬಂದು ಲ್ಯಾಪ್‌ಟಾಪಿನ ಕ್ಯಾಮೆರಾ ಹಾಕಿ, ಎದೆಗೆ ಹತ್ತಿರ ಕೈ ಹಿಡಿದು ನನಗೆ ಹೇಳಿದರು: ಜಾಗ ಇದೆ, ಬೇಕಾದಷ್ಟಿದೆ. ಗಂಟು ಕಟ್ಟಿದ್ದಾಯಿತು, ಲೋಕ ಸ್ತಬ್ಧವಾಯಿತು, ಅಂಗೈಗೆ ಮಿಸುಕಾಟ ತಾಗಿತು, ಗಂಟು ಬಿಚ್ಚಿದ್ದಾಯಿತು. ಗಾಳಿ ಓಡಿಹೋಗಬೇಕು ಈಗ. ನಿನ್ನ ಕೈ ಓಡಲಿಲ್ಲ. ಒಂದು ಸುತ್ತು ಹೊಡೆದು ವಾಪಸ್ ಬಂದು, ಮುದುಕಿಯ ಬಗ್ಗಿದ ಬೆನ್ನಿನ ಮೇಲೆ ಮೆಲ್ಲಗೆ ಒರಗಿ ಮಲಗಿತು.

ಅಮ್ಮ ಮಲಗಿದ ಗಾಳಿಯನ್ನು ನೋಡಿದಳು. ಆಮೇಲೆ, "ನಾನು ಹೇಳ್ಕೊಟ್ಟಿದ್ದು ಹೀಗಲ್ಲ" ಎಂದಳು. ನನ್ನ ಕಡೆ ತಿರುಗಿ, "ಇದನ್ನೂ ಇಡು ಅಂತ ಹೇಳೋ ಅವಳಿಗೆ" ಎಂದಳು. ಅದನ್ನು ನನ್ನ ತೊದಲು ಕೈಯಲ್ಲೇ ಹೇಳಿದೆ. ನೀನು ತಪ್ಪು ಹುಡುಕಲಿಲ್ಲ.

ಅಕ್ಕ, ಬಾಗಿಲಲ್ಲಿ ನಿಂತು ನಾನು ಹೇಳಲು ಹೋದದ್ದು ಇಷ್ಟೇ. ಕಥೆ ಹೇಳುವವನು ನಾನು ಎಂದು ಊರೆಲ್ಲ ಹೇಳುತ್ತದೆ, ನಾನೂ ನಂಬಿದ್ದೆ. ನಮ್ಮ ಮನೆಯ ಕಥೆಗಾರ್ತಿ ನೀನು. ಹಳೆಯದನ್ನು ಎಸೆಯದೆ ಅದರೊಳಗೇ ಹೊಸ ಜಾಗ ಮಾಡುವುದು ನಿನ್ನ ಕೈಗೆ ಗೊತ್ತು. ಇದನ್ನು ಓದಿ ಮತ್ತೆ ನೀರು ತಂದುಕೊಟ್ಟರೆ ಅದನ್ನೂ ಕುಡಿಯುತ್ತೇನೆ.

ಅಮ್ಮನ ಹತ್ತಿರ ಇನ್ನೂ ಎಷ್ಟೋ ಕಥೆಗಳಿವೆ, ಒಂದೊಂದಾಗಿ ಕೂರಿಸಿಕೊಂಡು ಹೇಳಿಸು. ಭಾವನ ಗಂಟಲು ಹೊರಗೇ ಇರಲಿ. ಅಂಗಡಿಯವನ ಸ್ಕ್ರೂಡ್ರೈವರ್ ವಾಪಸ್ ಕೊಟ್ಟೆ ತಾನೆ?

ನಿನ್ನ ಎರಡೂ ಕೈ ಸದಾ ತಣ್ಣಗಿರಲಿ. ಎಡಗೈಯನ್ನು ಇನ್ನಷ್ಟು ಜೋಪಾನ ಮಾಡು, ಅದು ಈಗ ಅಮ್ಮನದೂ ಹೌದು.

ನಿನ್ನ ಕೈ ನೋಡುತ್ತ ಕಥೆ ಕಲಿಯುತ್ತಿರುವ,
ತೊದಲ ತಮ್ಮ