ಒದೆಗಾರ್ತಿಯ ಬಲಗಾಲು

ಜೂನ್ ೩೦, ೨೪೧೭
ಇಂದ: ಜೈನಾಬಿ, ಫಸ್ಟ್ ಇಯರ್, ಬಂಡೆ ಹಾಸ್ಟೆಲ್, ಚಿತ್ರದುರ್ಗ

ಗುರುತಿಲ್ಲದ ಅಕ್ಕನಿಗೆ,

ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ನಮ್ಮ ಹಾಸ್ಟೆಲ್ ಕನ್ನಡ ಅರ್ಧ ಇಂಗ್ಲಿಷು, ಮೇಲೆ ನಿಮ್ಮಲ್ಲಿನ್ನೂ ಹುಟ್ಟದ ಪದಗಳು ಬೇರೆ, ತಡೆದುಕೊಳ್ಳಿ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗಿಬರುವ ಅಂಚೆ, ನಮಗೆ ಒಂದೇ ಸಲ ಸಿಗುತ್ತದೆ. ಎಲ್ಲರೂ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ಒಂದು ಹುಳುವಿಗಾಗಿ ಬರೆಯುತ್ತಿದ್ದೇನೆ.

ನಾವು ತಿನ್ನುವುದು ಚಿಮ್ಮಂಡೆ ಹಿಟ್ಟಿನ ರೊಟ್ಟಿ. ನಿಮ್ಮ ಗೋಡೆಯ ಸಂದಿಯಲ್ಲಿ ಕಿರ್ರೆನ್ನುತ್ತಿತ್ತಂತಲ್ಲ, ಅದೇ ಹುಳು. ನಿಮ್ಮ ಕಾಲದಲ್ಲಿ ಗಂಡು ಹಾಡುತ್ತಿತ್ತು, ಹೆಣ್ಣು ಕೇಳಿ, ಒಪ್ಪಿದರೆ ಮಾತ್ರ ಅವನ ಬೆನ್ನೇರುತ್ತಿತ್ತು. ಈಗ ಜೋಡಿಡಬ್ಬಿ ಇದೆ. ಮುಚ್ಚಳ ಒತ್ತಿದರೆ ಹೆಣ್ಣಿಗೆ ಗಂಡಿನ ಬೆನ್ನು ಬಿಟ್ಟು ಬೇರೆ ಜಾಗವಿರುವುದಿಲ್ಲ. ಒಲ್ಲೆನ್ನುವವರನ್ನು ತಲೆತಲಾಂತರ ಗಿರಣಿಗೆ ಹಾಕಿದ್ದರಿಂದ ಒಲ್ಲೆನ್ನುವ ಗುಣವೇ ಹೆಚ್ಚುಕಡಿಮೆ ಅಳಿಯಿತು. ಆರಿಸುವವರಿಲ್ಲದೆ ಗಂಡುಗಳು ಮೂಕವಾದವು. ಈಗ ಅರ್ಧ ಮೊಟ್ಟೆ ಕೊಳೆಯುತ್ತದೆ. ಯಾಕೆಂದು ಯಾರೂ ಕೇಳುವುದಿಲ್ಲ.

ನಮ್ಮ ಹುಳುಸಾಕಣೆ ಕ್ಲಾಸಿನಲ್ಲಿ ನನ್ನ ಡಬ್ಬಿಯವಳು ಒದ್ದಳು. ಅಂಥವಳನ್ನು ಒದೆಗಾರ್ತಿ ಎನ್ನುತ್ತೇವೆ. ಮೊದಲ ಒದೆಗೆ ಗುರುತಿಗೆಂದು ಎಡ ಮುಂಗಾಲು ಕೀಳಬೇಕು, ಮತ್ತೆ ಒದ್ದರೆ ಬಲದ್ದು, ಆಮೇಲೆ ಗಿರಣಿ. ರೋಸಲಿನ್ ಮೇಡಂ ಕ್ಲಾಸಿನೆದುರೇ ಚಿಮಟದಲ್ಲಿ ಕಿತ್ತರು.

“ಏನೇ ಜೈನಾಬಿ, ಮುಖ ಯಾಕೆ ಹಂಗ್ ಮಾಡ್ಕೊಂಡಿದೀಯ? ನಿನ್ನೇನು ನೋಡೋಕ್ ಬಂದಿದಾರಾ?”

“ಮೇಡಂ, ಅವಳ ಹುಳಕ್ಕೆ ಹೈಟ್ ಇರೋ ವರ ಬೇಕಂತೆ,” ಎಂದ ಪಕ್ಕದ ಧರಣೇಂದ್ರ.

ಎಲ್ಲರೂ ನಕ್ಕರು. ಟೆನ್ಶನ್ನಿಗೆ ನಾನೂ ನಕ್ಕೆ.

ಮರುದಿನ ಲ್ಯಾಬಿನ ಬಾಗಿಲು ಕಿರ್ರೆಂದಾಗ ನನ್ನ ಒದೆಗಾರ್ತಿ ಎದ್ದು ನಡೆದಳು. ನೇರ ಅಲ್ಲ, ಬಲಕ್ಕೇ ತಿರುಗಿ ತಿರುಗಿ ಸುತ್ತಿದಳು. ಸದ್ದು ನಿಂತಿತು, ಅವಳೂ ನಿಂತಳು. ಹಳೆಯ ಪಾಠಗಳನ್ನು ಕೆದಕಿದೆ. ಚಿಮ್ಮಂಡೆಯ ಕಿವಿ ತಲೆಯಲ್ಲಿಲ್ಲ, ಮುಂಗಾಲಿನಲ್ಲಿದೆ. ಗುರುತಿಗೆಂದು ನಾವು ಕೀಳುತ್ತಿದ್ದದ್ದು ಕಿವಿ.

ಮೇಡಂಗೆ ಹೇಳಿದೆ. “ಕೇಳೋಕೆ ಹಾಡೇ ಇಲ್ಲ, ಕಿವಿ ಇಟ್ಕೊಂಡು ಏನ್ ಮಾಡ್ತಾಳೆ? ಸೋಮವಾರ ಪ್ರಾಕ್ಟಿಕಲ್. ಮತ್ತೆ ಒದ್ರೆ ಬಲಗಾಲು ನೀನೇ ಕೀಳು,” ಎಂದರು. ಕೀಳದಿದ್ದರೆ ಫೇಲು. ನನಗೆ ಅದಲ್ಲ ಭಯ. ಆಗ ನನ್ನ ಕೈ ನಡುಗಲಿಕ್ಕಿಲ್ಲ, ಅದು.

ಹಾಡು ಕೇಳಿಸಿದರೆ ಅವಳು ಒದೆಯದೆ ತಾನಾಗಿಯೇ ಬೆನ್ನೇರುತ್ತಾಳೆ, ಕಾಲು ಉಳಿಯುತ್ತದೆ. ಮೋಸವೇ. ಎಂದೋ ಸತ್ತವನ ಹಾಡು ಕೇಳಿಸಿ ಈ ಮೂಕನಿಗೆ ಕಟ್ಟುವುದು. ಬೇರೇನೂ ತೋಚುತ್ತಿಲ್ಲ. ನಿಮ್ಮ ಗೋಡೆಯಲ್ಲಿ ಒಂದಾದರೂ ಕೂಗುತ್ತಿದ್ದರೆ ಫೋನಿನಲ್ಲಿ ಹಿಡಿದು ಕಳಿಸಿ, ಅಕ್ಕ. ಅವಳಿಗೆ ಇನ್ನೊಂದೇ ಕಿವಿ ಇದೆ. ಸೋಮವಾರದೊಳಗೆ ಉತ್ತರ ಬರೆಯಿರಿ.